ಶುಗರ್ ಇದ್ದ ಬೀಗರಿಗೆ ಅಕ್ಕಡಿ ಸಾಲಿನ ತಾಟು

ನಮ್ಮ ಹುಬ್ಬಳ್ಳಿ-ಧಾರವಾಡ ಕಡೆ ಮನೆಗೆ ಬೀಗರು ಬಂದರೆ ಚುರಮುರಿ ಗಿರಮಿಟ್, ಮಿರ್ಚಿ ಭಜಿ, ಒಂದು ಫೇಡೆ, ಮೇಲೆ ಸಿಹಿ ಚಹಾ. ಇದು ರೂಢಿ. ಈಗ ನಾಲ್ಕು ಮಂದಿ ಬಂದರೆ ಒಬ್ಬರಾದರೂ "ಶುಗರ್ ಐತ್ರೀ, ನನಗೇನೂ ಬ್ಯಾಡ್ರಿ" ಅಂತಾರೆ. ಏನೂ ಕೊಡದೆ ಕಳಿಸಿದರೆ ನಮಗೆ ಸಮಾಧಾನ ಇಲ್ಲ. ದಾಕ್ಷಿಣ್ಯಕ್ಕೆ ತಿಂದರೆ ಅವರಿಗೆ ತ್ರಾಸು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು 10 ಕೋಟಿ ದಾಟಿದ್ದಾರೆ. ಹಾಗಾಗಿ ಇದು ಒಂದೆರಡು ಮನೆಯ ಮಾತಲ್ಲ.

ಫ್ರಾನ್ಸ್ ದೇಶದಲ್ಲಿ ಅತಿಥಿಗಳಿಗೆ ಮರದ ಹಲಗೆಯ ಮೇಲೆ ಉಪ್ಪು ಹಾಕಿ ಒಣಗಿಸಿದ ಮಾಂಸ, ಗಿಣ್ಣು, ಉಪ್ಪಿನಕಾಯಿ ಜೋಡಿಸಿ ಇಡುತ್ತಾರೆ. ಬೇಕಾದವರು ಬೇಕಾದ್ದು ಎತ್ತಿಕೊಳ್ಳುತ್ತಾರೆ. ಕೆಡದಂತೆ ಮಾಡಿಟ್ಟದ್ದು ಒಂದು ಕಡೆ, ತಾಜಾ ಇದ್ದದ್ದು ಒಂದು ಕಡೆ, ಇಷ್ಟೇ ಅದರ ಲೆಕ್ಕ. ಕೆಡದಂತೆ ಮಾಡಿಡೋದು ನಮ್ಮ ಮನೆಗಳಿಗೆ ಹೊಸದೇನಲ್ಲ. ಚಟ್ನಿಪುಡಿ ಡಬ್ಬಿ ಇಲ್ಲದ ಮನೆ ನಮ್ಮ ಕಡೆ ಸಿಗೋದು ಕಷ್ಟ.

ಮೊದಲು ಲೆಕ್ಕ ತಿಳಿಯೋಣ

ರಕ್ತದಲ್ಲಿ ಸಕ್ಕರೆ ಏರಿಸುವುದು ಬೆಲ್ಲ, ಸಕ್ಕರೆ ಮಾತ್ರ ಅಲ್ಲ, ಪಿಷ್ಟವೂ ಹೌದು. 100 ಗ್ರಾಂ ಚುರಮುರಿ ಅಥವಾ ಅವಲಕ್ಕಿಯಲ್ಲಿ 70 ಗ್ರಾಂಗಿಂತ ಹೆಚ್ಚು ಪಿಷ್ಟ ಇದೆ. "ಜೋಳದ ರೊಟ್ಟಿಗೆ ಶುಗರ್ ಏರೂದಿಲ್ಲ" ಅನ್ನುವವರು ನಮ್ಮಲ್ಲಿ ಬಹಳ. ಜೋಳದಲ್ಲಿಯೂ 100 ಗ್ರಾಂಗೆ ಸುಮಾರು 70 ಗ್ರಾಂ ಪಿಷ್ಟವೇ. ನಾರು ಇರುವುದರಿಂದ ಅನ್ನಕ್ಕಿಂತ ಮೇಲು, ಆದರೆ ನಾಲ್ಕು ರೊಟ್ಟಿ ತಿಂದರೆ ಏರೇ ಏರುತ್ತದೆ.

ಶೇಂಗಾದ ಲೆಕ್ಕ ಬೇರೆ. 100 ಗ್ರಾಂನಲ್ಲಿ ಪ್ರೋಟೀನ್ ಸುಮಾರು 25 ಗ್ರಾಂ, ಎಣ್ಣೆ ಸುಮಾರು 40 ಗ್ರಾಂ, ಪಿಷ್ಟ ಕಡಿಮೆ. ಗುರೆಳ್ಳು, ಅಗಸಿ ಸಹ ಇದೇ ಜಾತಿಯವು. ಸವತಿಕಾಯಿಯಲ್ಲಂತೂ 95 ಪಾಲು ನೀರೇ. ಹೆಸರು, ಕಡಲೆ, ಪುಟಾಣಿಯಲ್ಲಿ ಪ್ರೋಟೀನ್ ಇದ್ದರೂ ಅರ್ಧಕ್ಕಿಂತ ಹೆಚ್ಚು ಪಿಷ್ಟ. ಅವನ್ನು ಬಿಡಬೇಕಿಲ್ಲ, ಹಿಡಿತದಲ್ಲಿ ಇಡಬೇಕು.

ಆರು ಮಂದಿಗೆ ಏನೇನು ಬೇಕು

1. ಗುರೆಳ್ಳು ಚಟ್ನಿ: ಒಂದು ವಾಟಗ ಗುರೆಳ್ಳನ್ನು ನೀರಿನಲ್ಲಿ ಗಾಳಿಸಿ ಕಲ್ಲು ಮಣ್ಣು ತೆಗೆದು ಒಣಗಿಸಿ. ಸಣ್ಣ ಉರಿಯಲ್ಲಿ ಚಟಪಟ ಅನ್ನುವವರೆಗೆ ಹುರಿದು, ಎಂಟು ಎಸಳು ಬಳ್ಳೊಳ್ಳಿ, ಜೀರಿಗೆ, ಕರಿಬೇವು, ಒಣಖಾರ, ಉಪ್ಪು ಸೇರಿಸಿ ಕುಟ್ಟಿ. ರೂಢಿಯಂತೆ ಹಾಕುವ ಬೆಲ್ಲದ ಚೂರು ಇಲ್ಲಿ ಬೇಡ.
2. ಅಗಸಿ ಚಟ್ನಿ, ಶೇಂಗಾ ಚಟ್ನಿ: ಇದೇ ರೀತಿ. ಇವಕ್ಕೂ ಬೆಲ್ಲ ಬೇಡ.
3. ಗಟ್ಟಿ ಮೊಸರು ಅರ್ಧ ಲೀಟರ್, ಒಂದು ನಿಂಬೆ ಗಾತ್ರ ಬೆಣ್ಣೆ.
4. ಒಂದು ಲೀಟರ್ ಎಮ್ಮೆ ಹಾಲನ್ನು ಕಾಯಿಸಿ ನಿಂಬೆರಸ ಹಿಂಡಿ ಒಡೆಸಿದರೆ ಸುಮಾರು 200 ಗ್ರಾಂ ಪನೀರ್ ಸಿಗುತ್ತದೆ. ಅರಿವೆಯಲ್ಲಿ ಕಟ್ಟಿ, ಮೇಲೆ ಭಾರ ಹೇರಿ ಒಂದು ತಾಸು ಬಿಟ್ಟು ತುಂಡು ಮಾಡಿ.
5. ಹಸಿ ಕಾಯಿಪಲ್ಲೆ: ಎಳೆ ಸವತಿಕಾಯಿ ನಾಲ್ಕು, ಮೂಲಂಗಿ ಎರಡು, ಗಜ್ಜರಿ ಒಂದು, ಮೆಂತೆ, ಹಕ್ಕರಕಿ, ಉಳ್ಳಾಗಡ್ಡಿ ತಪ್ಪಲು ಒಂದೊಂದು ಹಿಡಿ.
6. ಮೊಳಕೆ ಹೆಸರಿನ ಉಸುಳಿ, ಒಬ್ಬರಿಗೆ ಎರಡು ಚಮಚದಷ್ಟು.
7. ಹುರಿದ ಶೇಂಗಾ, ಒಬ್ಬರಿಗೆ ಒಂದು ಸಣ್ಣ ಹಿಡಿ.
8. ತೆಳ್ಳಗಿನ ಖಡಕ್ ರೊಟ್ಟಿ ಮೂರು, ಮುರಿದು ಇಟ್ಟದ್ದು.

ತತ್ತಿ ತಿನ್ನುವ ಮನೆಯವರು ಕುದಿಸಿದ ತತ್ತಿ ಇಡಬಹುದು. ಅದರಲ್ಲಿ ಪಿಷ್ಟ ಇಲ್ಲವೆಂದೇ ಹೇಳಬೇಕು. ಚಹಾದ ಬದಲು ಶುಂಠಿ, ಜೀರಿಗೆ ಹಾಕಿದ ಮಜ್ಜಿಗೆ.

ಜೋಡಿಸುವ ಕ್ರಮ

ಅಗಲವಾದ ಪರಾತದಲ್ಲಿ ಎಲೆ ಹಾಸಿ. ಅರ್ಧ ಪರಾತ ಹಸಿ ಕಾಯಿಪಲ್ಲೆಗೆ. ಉಳಿದ ಅರ್ಧದಲ್ಲಿ ಒಂದು ಪಾಲು ಚಟ್ನಿ, ಶೇಂಗಾ. ಇನ್ನೊಂದು ಪಾಲು ಮೊಸರು, ಪನೀರ್, ಉಸುಳಿ. ರೊಟ್ಟಿ ತುಂಡು ಅಂಚಿಗೆ. ಪುಡಿಗಳನ್ನು ಬಟ್ಟಲಲ್ಲೇ ಇಡಿ, ನೀರು ತಾಗಿದರೆ ಮುದ್ದೆಯಾಗುತ್ತವೆ. ಸವತಿಕಾಯಿಯನ್ನು ಬೀಗರು ಕೂತ ಮೇಲೆ ಹೆಚ್ಚಿ, ಉಪ್ಪು ಮುಂಚೆ ಹಾಕಬೇಡಿ. ಅರ್ಧ ಮೊಸರಿಗೆ ಗುರೆಳ್ಳು ಪುಡಿ ಕಲಸಿಡಿ. ಮೂಲಂಗಿ, ಸವತಿಕಾಯಿ ಅದ್ದಿ ತಿನ್ನಲು ರುಚಿ. ಶುಗರ್ ಇದ್ದವರಿಗೆ ಬೇರೆ ತಾಟು ಬೇಡ. ಎಲ್ಲರೂ ಒಂದೇ ಪರಾತದ ಸುತ್ತ ಕೂತರೆ ಅವರಿಗೂ ತಾವು ರೋಗಿ ಅನ್ನಿಸುವುದಿಲ್ಲ.

ಎಚ್ಚರಿಕೆ

ಇನ್ಸುಲಿನ್ ಅಥವಾ ಶುಗರ್ ಗುಳಿಗೆ ತಗೊಳ್ಳುವವರು ಪಿಷ್ಟವನ್ನು ಒಮ್ಮೆಲೇ ಬಿಟ್ಟರೆ ರಕ್ತದ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ತಲೆಸುತ್ತು ಕಂಡರೆ ತಡಮಾಡದೆ ಸಕ್ಕರೆ ನೀರು ಕುಡಿಸಿ. ತಾಟಿನಲ್ಲಿ ರೊಟ್ಟಿ ಇಟ್ಟದ್ದು ಇದಕ್ಕೇ. ದಿನದ ಊಟ ಬದಲಿಸುವುದಾದರೆ ಡಾಕ್ಟರರನ್ನು ಕೇಳಿಯೇ ಬದಲಿಸಬೇಕು. ಬಿಪಿ ಇದ್ದವರಿಗೆ ಉಪ್ಪಿನಕಾಯಿ, ಮಜ್ಜಿಗೆ ಮೆಣಸಿನಕಾಯಿ ಮುಂದೆ ಮಾಡಬೇಡಿ.

ಬೂಷ್ಟು ಹಿಡಿದ, ಕಪ್ಪಾದ, ಸುಕ್ಕಾದ ಶೇಂಗಾವನ್ನು ಆರಿಸಿ ಎಸೆಯಿರಿ. ಆ ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ. ಅಗಸಿ ಪುಡಿ ಬೇಗ ಕಮಟುತ್ತದೆ. ವಾರಕ್ಕಾಗುವಷ್ಟೇ ಕುಟ್ಟಿ.

ಇದು ಹೊಲದ ಮಾತೂ ಹೌದು

ತಾಟಿನಲ್ಲಿ ಇದ್ದದ್ದೆಲ್ಲ ಮಳೆಯಾಶ್ರಿತ ಹೊಲದಲ್ಲಿ ಅಕ್ಕಡಿಯಾಗಿ, ಬದುವಿನಲ್ಲಿ ಬರುತ್ತಿದ್ದವು. ದನ ಗುರೆಳ್ಳು ಮೇಯುವುದಿಲ್ಲವೆಂದು ಅದನ್ನು ಅಂಚಿಗೆ ಬಿತ್ತುತ್ತಿದ್ದರು. ಹೂವಿಗೆ ಜೇನು ಬರುತ್ತಿತ್ತು. ಹಿಂಗಾರಿ ಜೋಳ, ಕಡಲೆಯ ನಡುವೆ ಅಗಸಿ, ಕುಸುಬಿ ಸಾಲು. ಹಕ್ಕರಕಿ ಬಿತ್ತದೇ ಬರುತ್ತಿತ್ತು. ಈಗ ಸೋಯಾ, ಗೋವಿನಜೋಳ, ಹತ್ತಿ ತುಂಬಿವೆ. ಕಳೆನಾಶಕ ಹೊಡೆದಲ್ಲಿ ಹಕ್ಕರಕಿಯೂ ಇಲ್ಲ. ಮನೆ ಚಟ್ನಿಗೆ ಬೇಕಾದ ಗುರೆಳ್ಳನ್ನು ರೈತರೇ ಪೇಟೆಯಿಂದ ಕಿಲೋ ಲೆಕ್ಕದಲ್ಲಿ ತರುವ ಹಾಗಾಗಿದೆ.

ಇಡೀ ಹೊಲ ಬದಲಿಸಿ ಅಂತ ನಾನು ಹೇಳುವುದಿಲ್ಲ. ಮುಂಗಾರಿಗೆ ಅಂಚಿನಲ್ಲಿ ಎರಡು ಸಾಲು ಗುರೆಳ್ಳು, ಹಿಂಗಾರಿಗೆ ನಡುವೆ ಎರಡು ಸಾಲು ಅಗಸಿ ಬಿತ್ತಿ, ಬದುವಿಗೆ ಕಳೆನಾಶಕ ಬಿಡಿ. ಮನೆಗೆ ವರ್ಷದ ಚಟ್ನಿ ಆಗುತ್ತದೆ, ಬಂದವರಿಗೂ ಆಗುತ್ತದೆ. ನಿಮ್ಮ ಸೀಮೆಯಲ್ಲಿ ಶುಗರ್ ಇದ್ದ ಬೀಗರಿಗೆ ಏನು ಇಡುತ್ತೀರಿ? ಬರೆದು ತಿಳಿಸಿರಿ.