ಬಿ.ಎಡ್. ಪ್ರವೇಶ: ‘ಅಥವಾ’ ಎಂಬ ಪದದ ಬೆಲೆ

ಕನ್ನಡವನ್ನು ಐಚ್ಛಿಕ ವಿಷಯವಾಗಿ ಆಯ್ದುಕೊಂಡವರಲ್ಲಿ ಅನೇಕರ ಕಣ್ಣು ಅಧ್ಯಾಪಕ ವೃತ್ತಿಯ ಮೇಲಿರುತ್ತದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ, ಜತ್ತ ತಾಲೂಕುಗಳಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿರುವುದರಿಂದ ಈ ಆಸೆ ಸಹಜವೇ ಆಗಿದೆ. ಆದರೆ ಹಳಗನ್ನಡ ಪದ್ಯವನ್ನು ಪದವಿಭಾಗ ಮಾಡಿ ಓದಬಲ್ಲ ನಮ್ಮ ವಿದ್ಯಾರ್ಥಿಗಳು ಪ್ರವೇಶದ ನಿಯಮವನ್ನು ಮಾತ್ರ ಅವರಿವರ ಬಾಯಿಂದ ಕೇಳಿ ನಂಬುತ್ತಾರೆ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬಳು ನನ್ನಲ್ಲಿಗೆ ಬಂದು, “ಸರ್, ನನಗ ಬಿ.ಎಡ್. ಬಾಗಲಾ ಮುಚ್ಚೇದರಿ” ಎಂದಳು. ಬಿ.ಎ.ಯಲ್ಲಿ ಅವಳಿಗೆ ದೊರೆತದ್ದು ಶೇ. ೪೮. ಮುಂದೆ ಕನ್ನಡ ಎಂ.ಎ.ಯನ್ನು ಶೇ. ೫೬ ಅಂಕಗಳೊಂದಿಗೆ ಮುಗಿಸಿದ್ದಳು. ಅದು ಲೆಕ್ಕಕ್ಕೆ ಬಾರದೆಂದು ಯಾರೋ ಹೇಳಿದ್ದರಂತೆ. ರಾಷ್ಟ್ರೀಯ ಅಧ್ಯಾಪಕ ಶಿಕ್ಷಣ ಪರಿಷತ್ತಿನ ೨೦೧೪ರ ನಿಯಮಾವಳಿಯು ಪದವಿಯಲ್ಲಿ ‘ಮತ್ತು/ಅಥವಾ’ ಸ್ನಾತಕೋತ್ತರ ಪದವಿಯಲ್ಲಿ ಕನಿಷ್ಠ ಶೇ. ೫೦ ಅಂಕಗಳನ್ನು ಕೇಳುತ್ತದೆ. ಆ ‘ಅಥವಾ’ ಎಂಬ ಅವ್ಯಯವೇ ಅವಳಿಗೆ ಬಾಗಿಲಾಯಿತು. ವ್ಯಾಕರಣದ ತರಗತಿಯಲ್ಲಿ ಅವ್ಯಯವೆಂದರೆ ಆಕಳಿಸುವವರು ಇದನ್ನು ಗಮನಿಸಬೇಕು.

ಮಹಾರಾಷ್ಟ್ರದಲ್ಲಿ ಮೀಸಲು ವರ್ಗದವರಿಗೆ ಈ ಮಿತಿ ಶೇ. ೪೫. ಗಡಿಭಾಗದ ಹೆಣ್ಣುಮಕ್ಕಳು ಎಡವುವುದು ಇಲ್ಲಿಯೇ. ಇಂಡಿಯಲ್ಲೋ ಅಫಜಲಪುರದಲ್ಲೋ ಹುಟ್ಟಿ ಬೆಳೆದು ಈ ಕಡೆಗೆ ಸೊಸೆಯಾಗಿ ಬಂದವರ ಬಳಿ ಇರುವುದು ಕರ್ನಾಟಕದ ಜಾತಿ ಪ್ರಮಾಣಪತ್ರ. ಒಂದು ರಾಜ್ಯದ ಮೀಸಲಾತಿ ಇನ್ನೊಂದು ರಾಜ್ಯಕ್ಕೆ ಜೊತೆಯಲ್ಲಿ ಬರುವುದಿಲ್ಲ. ಮದುವೆಯೂ ಅದನ್ನು ತಂದುಕೊಡುವುದಿಲ್ಲ. ಅಂಥವರು ಸಾಮಾನ್ಯ ವರ್ಗದಲ್ಲಿಯೇ ಅರ್ಜಿ ಹಾಕಬೇಕಾಗುತ್ತದೆ, ಆಗ ಶೇ. ೪೭ ಸಾಲದು. ಬಿ.ಎ. ಮೊದಲ ವರ್ಷದಲ್ಲಿರುವವರಿಗೆ ಇದನ್ನು ಈಗಲೇ ಹೇಳುತ್ತಿದ್ದೇನೆ. ಕೊನೆಯ ಸೆಮಿಸ್ಟರಿನಲ್ಲಿ ತಿಳಿದರೆ ಅಂಕ ಏರಿಸಿಕೊಳ್ಳಲು ಅವಕಾಶ ಉಳಿಯುವುದಿಲ್ಲ.

ಅರ್ಹತೆಯ ಬಳಿಕ ಪ್ರವೇಶ ಪರೀಕ್ಷೆ. ರಾಜ್ಯದ ಸಿ.ಇ.ಟಿ. ಕಕ್ಷ ನಡೆಸುವ ಈ ಪರೀಕ್ಷೆಯಲ್ಲಿ ನೂರು ಪ್ರಶ್ನೆಗಳು: ಬೌದ್ಧಿಕ ಸಾಮರ್ಥ್ಯಕ್ಕೆ ೪೦, ಸಾಮಾನ್ಯ ಜ್ಞಾನಕ್ಕೆ ೩೦, ಶಿಕ್ಷಕ ಅಭಿರುಚಿಗೆ ೩೦. ಕಾಲಾವಧಿ ೯೦ ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಪ್ರಶ್ನೆಗಳು ಕನ್ನಡದಲ್ಲಿರುವುದಿಲ್ಲ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಎಂದು ಬೆಳೆದ ನಮಗೆ ಮರಾಠಿ ಕಠಿಣವಲ್ಲ. ಆದರೂ ಒಂದೇ ರೂಪದ ಪದಗಳು ಮೋಸ ಮಾಡುತ್ತವೆ. ಮರಾಠಿಯ ‘ಅವಘಡ’ ಎಂದರೆ ಕಠಿಣವಾದದ್ದು, ಕನ್ನಡದ ‘ಅವಘಡ’ ಅಪಘಾತ! ನಾನೇ ಬಾಲ್ಯದಲ್ಲಿ ಮಾಸ್ತರರು ‘ಅವಘಡ’ವಾದ ಗಣಿತವೆಂದಾಗ ಗಾಬರಿಗೊಂಡವನು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮರಾಠಿಯಲ್ಲಿಯೇ ಬಿಡಿಸಿ ಅಭ್ಯಾಸ ಮಾಡಿರಿ.

ಕಾಗದಪತ್ರಗಳ ವಿಷಯ ಬೇಸರದ್ದು, ಆದರೆ ಬಿಡುವಂತಿಲ್ಲ. ಕರ್ನಾಟಕದ ಶಾಲೆಯಲ್ಲಿ ಓದಿದವರ ಹೆಸರು ಇನಿಶಿಯಲ್ಲಿನೊಂದಿಗೆ ಇರುತ್ತದೆ. ಇಲ್ಲಿಯ ಗುಣಪತ್ರಿಕೆಯಲ್ಲಿ ಅಡ್ಡಹೆಸರು, ಹೆಸರು, ತಂದೆಯ ಹೆಸರು ಎಂಬ ಕ್ರಮ. ಒಂದರಲ್ಲಿ ‘ಶಿವಪ್ಪ’, ಇನ್ನೊಂದರಲ್ಲಿ ‘ಶಿವಾಪ್ಪಾ’ ಆಗಿದ್ದರೆ ತಿದ್ದುಪಡಿಗೆ ತಿಂಗಳುಗಳೇ ಹಿಡಿದಾವು. ಅಧಿವಾಸ ಮತ್ತು ಜಾತಿ ದಾಖಲೆಗಳಿಗೆ ತಹಸೀಲ ಕಚೇರಿಯ ಬಾಗಿಲನ್ನು ಫಲಿತಾಂಶದ ಮೊದಲೇ ತಟ್ಟುವುದು ಲೇಸು.

ಇನ್ನೊಂದು ಸಂಗತಿಯನ್ನು ಯಾರೂ ಕೇಳುವುದಿಲ್ಲ. ಬಿ.ಎಡ್.ನಲ್ಲಿ ಶಾಲಾ ವಿಷಯಗಳ ಬೋಧನ ಪದ್ಧತಿಯನ್ನು ಆಯ್ದುಕೊಳ್ಳಬೇಕು. ಆದರೆ ಕನ್ನಡ ಬೋಧನ ಪದ್ಧತಿ ಎಲ್ಲ ಕಾಲೇಜುಗಳಲ್ಲಿ ದೊರೆಯದು. ಕಾಲೇಜುಗಳ ಆದ್ಯತಾ ಪಟ್ಟಿಯನ್ನು ತುಂಬುವ ಮೊದಲು ಅಲ್ಲಿಗೇ ಹೋಗಿ ವಿಚಾರಿಸಿರಿ. ಮರಾಠಿ ಪದ್ಧತಿಯನ್ನು ಅಭ್ಯಸಿಸಿ ಬಂದವರು ಕನ್ನಡ ಶಾಲೆಯ ಹುದ್ದೆಗೆ ಅರ್ಜಿ ಹಾಕುವಾಗ ಪೇಚಿಗೆ ಸಿಲುಕಬಹುದು. ಮುಂದಿನ ಶಿಕ್ಷಕ ಅರ್ಹತಾ ಪರೀಕ್ಷೆ ೧೫೦ ಅಂಕಗಳದ್ದು. ಆರರಿಂದ ಎಂಟನೆಯ ತರಗತಿಯವರೆಗೆ ಕಲಿಸಬಯಸುವವರು ಅದರ ಎರಡನೆಯ ಪತ್ರಿಕೆಗೆ ಕೂರಬೇಕು. ಮಹಾರಾಷ್ಟ್ರವು ಅದರಲ್ಲಿ ಕನ್ನಡ ಮಾಧ್ಯಮಕ್ಕೆ ಅವಕಾಶವಿತ್ತಿದೆ. ಅರ್ಜಿಯಲ್ಲಿ ಆ ಆಯ್ಕೆಯನ್ನು ಗುರುತಿಸಲು ಮರೆಯದಿರಿ.