ಇಂದಿನ ಧಮ್ಮ ಚಿಂತನೆ: ಹಳೆಯ ಸಹಪಾಠಿಗಳು ಕರೆದಾಗ



ಧಮ್ಮ ಬಂಧುಗಳೇ, ಈಗ ಊರೂರಲ್ಲೂ ಗುರುವಂದನೆ, ಸ್ನೇಹ ಸಮ್ಮಿಲನಗಳ ಕಾಲ. ಮೂವತ್ತು ವರ್ಷದ ಹಿಂದೆ ಜೊತೆಯಲ್ಲಿ ಎಸ್ಸೆಸ್ಸೆಲ್ಸಿ ಓದಿದವರು ವಾಟ್ಸಾಪ್ ಗ್ರೂಪ್ ಮಾಡಿಕೊಂಡು, ತಲೆಗಿಷ್ಟು ಅಂತ ಹಣ ಹಾಕಿ, ಕಲ್ಯಾಣ ಮಂಟಪ ಹಿಡಿದು, ಮೇಷ್ಟ್ರುಗಳಿಗೆ ಶಾಲು ಹೊದಿಸಿ, ಪೇಟ ತೊಡಿಸಿ, ಒಟ್ಟಿಗೆ ಊಟ ಮಾಡಿ ಬರುತ್ತಾರೆ. ಕಳೆದ ಭಾನುವಾರ ಅಧ್ಯಯನ ಮುಗಿದು ಟೀ ಕುಡಿಯುವಾಗ ಈ ಮಾತು ಬಂತು. ನಮ್ಮಲ್ಲೇ ನಾಲ್ಕು ಜನರಿಗೆ ಇಂಥ ಕರೆ ಬಂದಿದೆ. ಒಬ್ಬರೂ ಸಂತೋಷದಿಂದ ಹೋಗುತ್ತೇನೆ ಅನ್ನಲಿಲ್ಲ, ಹೋಗುವುದೇ ಇಲ್ಲ ಅಂತಲೂ ಅನ್ನಲಿಲ್ಲ. ನನಗೂ ಬಂದಿದೆ, 1993ರ ನಮ್ಮ ಬ್ಯಾಚಿನದು. ಅದಕ್ಕೇ ಇವತ್ತಿನ ಪಾಠವನ್ನು ಇದರ ಮೇಲೆ ಬರೆಯುತ್ತಿದ್ದೇನೆ.

ಮೊದಲು ವೇದನೆಯ ಮಾತು. ಸತಿಪಟ್ಠಾನ ಸುತ್ತದಲ್ಲಿ ಭಗವಾನರು ವೇದನೆಗಳನ್ನು ಸುಖ, ದುಃಖ, ಎರಡೂ ಅಲ್ಲದ್ದು ಎಂದು ಮೂರು ಬಗೆಯಾಗಿ ಹೇಳಿ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಒಂದೊಂದನ್ನೂ ಮತ್ತೆ ಸಾಮಿಸ, ನಿರಾಮಿಸ ಎಂದು ಬೇರೆ ಮಾಡುತ್ತಾರೆ. ಆಮಿಷ ಅನ್ನುವ ನಮ್ಮ ಕನ್ನಡದ ಮಾತೇ ಇದು. ಗಾಳದ ತುದಿಯ ಹುಳುವಿನಂತೆ ಎಳೆಯುವ ಸುಖವೊಂದಿದೆ, ಹಾಗೆ ಎಳೆಯದ ಸುಖವೊಂದಿದೆ. ದುಃಖದಲ್ಲೂ ಹಾಗೆಯೇ. ಹೋಗಬೇಕೋ ಬೇಡವೋ ಎಂಬ ಕಲಸುಮೇಲೋಗರವನ್ನು ಒಂದೇ ಮುದ್ದೆಯಾಗಿ ನೋಡಿದರೆ ಏನೂ ತಿಳಿಯುವುದಿಲ್ಲ. ಒಂದು ಸಂಜೆ ಕೂತು ಬಿಡಿಸಿ ನೋಡಿದೆ.

ಶಾಲೆಯ ಹಿಂದಿನ ಬಯಲು, ಕಬಡ್ಡಿ, ಪರೀಕ್ಷೆಯ ದಿನ ನನಗೆ ಪೆನ್ನು ಕೊಟ್ಟ ಹುಡುಗ. ಇವು ನೆನಪಾದರೆ ಸುಖವೇ ಆಗುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಸುಖ ಕೂತಿದೆ. ನನ್ನ ಮಗಳು ಮೆಡಿಕಲ್ ಓದುತ್ತಿರುವುದು ಅವರ ಕಿವಿಗೆ ಬೀಳಲಿ, ನಾನು ಕಾರಿನಲ್ಲಿ ಇಳಿಯುವುದನ್ನು ಇಂಥಿಂಥವರು ನೋಡಲಿ ಅನ್ನುವ ಸುಖ. ಇದು ಸಾಮಿಸ, ಅನುಮಾನವೇ ಇಲ್ಲ. ಆದರೆ ಇದಕ್ಕಾಗಿ ನಮ್ಮವರನ್ನು ಗದರಿಸುವ ಉಪದೇಶಕರ ಜೊತೆ ನಾನಿಲ್ಲ. ಹತ್ತು ವರ್ಷ ತಲೆ ತಗ್ಗಿಸಿ ಕೂತ ಜಾಗಕ್ಕೆ ತಲೆ ಎತ್ತಿ ಹೋಗುವ ಆಸೆ ಯಾರಿಗೆ ಇರುವುದಿಲ್ಲ? ಅದು ಅಲ್ಲಿದೆ ಎಂದು ತಿಳಿದಿದ್ದರೆ ಸಾಕು. ಸುತ್ತವೂ ತಿಳಿ ಅನ್ನುತ್ತದೆ, ಕಿತ್ತು ಹಾಕು ಅನ್ನುವುದಿಲ್ಲ.

ದುಃಖದ ಕಡೆ ಬಂದರೆ ಲೆಕ್ಕ ಉದ್ದವಾಗುತ್ತದೆ. ಗ್ರೂಪಿಗೆ ನನ್ನನ್ನು ಸೇರಿಸಿದ ದಿನವೇ ಒಬ್ಬ ಬರೆದ: "ಏನ್ಲಾ ಸ್ಕಾಲರ್‌ಶಿಪ್ಪು, ಬತ್ತೀಯ ತಾನೆ?" ಅದು ನನ್ನ ಶಾಲೆಯ ಹೆಸರು. ಒಬ್ಬ ಮೇಷ್ಟ್ರು ಪ್ರತಿ ವರ್ಷ "ಸ್ಕಾಲರ್‌ಶಿಪ್ ಹುಡುಗ್ರು ಎದ್ದು ನಿಂತ್ಕಳಿ" ಅನ್ನುತ್ತಿದ್ದರು. ಕೇರಿಯ ನಾವು ಏಳು ಜನ ಎದ್ದು ನಿಲ್ಲುತ್ತಿದ್ದೆವು, ಉಳಿದವರು ತಿರುಗಿ ನೋಡುತ್ತಿದ್ದರು. ಹೆಸರು ಅಲ್ಲಿಂದ ಅಂಟಿಕೊಂಡಿತು. ಬರೆದವನಿಗೆ ಅದು ಸಲಿಗೆ. ನನಗೆ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಎರಡು ದಿನದ ಮೇಲೆ ಇನ್ನೊಬ್ಬರ ಪೋಸ್ಟು: ನಮ್ಮ ಕಾಲದಲ್ಲಿ ಜಾತಿಗೀತಿ ಏನೂ ಇರಲಿಲ್ಲ, ಎಲ್ಲ ಒಂದೇ ಡಬ್ಬಿಯಲ್ಲಿ ತಿಂತಿದ್ವಿ. ಕೆಳಗೆ ನಲವತ್ತು ಹಾರ್ಟುಗಳು. ನಾವು ಏಳು ಜನ ಹುಣಸೆಮರದ ಕೆಳಗೆ ತಿನ್ನುತ್ತಿದ್ದೆವು.

ಭಗವಾನರ ಬದುಕಿನಲ್ಲೂ ಹಳೆಯ ಜೊತೆಗಾರರ ಮರುಭೇಟಿ ಒಂದಿದೆ. ಮಜ್ಝಿಮ ನಿಕಾಯದ ಅರಿಯಪರಿಯೇಸನ ಸುತ್ತದಲ್ಲಿ ಅವರೇ ಅದನ್ನು ಭಿಕ್ಖುಗಳಿಗೆ ಹೇಳುತ್ತಾರೆ. ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಈ ಪ್ರಸಂಗವನ್ನು ಇಟ್ಟಿದ್ದಾರೆ. ನಾವು ಇದನ್ನು ಮೊದಲ ಉಪದೇಶದ ಪೀಠಿಕೆ ಎಂದು ಬೇಗ ಓದಿ ಮುಂದೆ ಹೋಗುತ್ತೇವೆ. ನಿಧಾನವಾಗಿ ಓದಿದರೆ ಅಲ್ಲಿ ನಮ್ಮ ವಿಷಯವೇ ಇದೆ.

ಸಂಬೋಧಿಯ ನಂತರ ಯಾರಿಗೆ ಮೊದಲು ಧಮ್ಮ ಹೇಳಲಿ ಎಂಬ ಯೋಚನೆ ಬಂದಾಗ ಭಗವಾನರಿಗೆ ಮೊದಲು ನೆನಪಾದದ್ದು ತಮ್ಮ ಮೇಷ್ಟ್ರುಗಳು. ಆಳಾರ ಕಾಲಾಮರು, ಆಮೇಲೆ ಉದ್ದಕ ರಾಮಪುತ್ತರು. ಇಬ್ಬರ ದಾರಿಯೂ ಸಾಲದು ಎಂದು ಬಿಟ್ಟು ಬಂದಿದ್ದರೂ ಮೊದಲು ನೆನಪಾದದ್ದು ಅವರೇ. ಆದರೆ ಆಳಾರರು ತೀರಿಕೊಂಡು ಏಳು ದಿನವಾಗಿತ್ತು. ಉದ್ದಕರು ಹಿಂದಿನ ರಾತ್ರಿಯಷ್ಟೇ ತೀರಿಕೊಂಡಿದ್ದರು. ಆಗ ನೆನಪಾದವರು ಐವರು ಪರಿವ್ರಾಜಕರು: ಕೊಂಡಞ್ಞ, ವಪ್ಪ, ಭದ್ದಿಯ, ಮಹಾನಾಮ, ಅಸ್ಸಜಿ. ದೇಹದಂಡನೆ ಬಿಟ್ಟು ಅನ್ನ ಉಂಡ ಎಂಬ ಕಾರಣಕ್ಕೆ ಇವನು ಕೆಟ್ಟ ಎಂದು ಕೈಬಿಟ್ಟು ಹೋದವರು ಅವರು. ಅವರನ್ನು ಹುಡುಕಿಕೊಂಡು ಭಗವಾನರು ಉರುವೇಲದಿಂದ ಇಸಿಪತನಕ್ಕೆ, ಇಂದಿನ ಸಾರನಾಥಕ್ಕೆ, ಇನ್ನೂರು ಕಿಲೋಮೀಟರಿಗೂ ಹೆಚ್ಚು ನಡೆದರು.

ದೂರದಿಂದ ಬರುವುದನ್ನು ಕಂಡು ಐವರೂ ಮಾತು ಮಾಡಿಕೊಂಡರು. ನಮಸ್ಕಾರ ಮಾಡುವುದು ಬೇಡ, ಏಳುವುದು ಬೇಡ, ಪಾತ್ರೆ ಚೀವರ ತೆಗೆದುಕೊಳ್ಳುವುದು ಬೇಡ, ಬೇಕಾದರೆ ಕೂತುಕೊಳ್ಳಲಿ ಎಂದು ಒಂದು ಆಸನ ಹಾಕೋಣ. ಹತ್ತಿರ ಬಂದಾಗ ಆ ಒಪ್ಪಂದ ನಿಲ್ಲಲಿಲ್ಲ. ಒಬ್ಬ ಪಾತ್ರೆ ಇಸಿದುಕೊಂಡ, ಒಬ್ಬ ಆಸನ ಹಾಕಿದ, ಒಬ್ಬ ಕಾಲಿಗೆ ನೀರು ತಂದ. ಆದರೆ ಕರೆದದ್ದು ಮಾತ್ರ ಹಳೆಯ ರೀತಿಯಲ್ಲೇ, ಹೆಸರು ಹಿಡಿದು, 'ಆವುಸೋ' ಎಂದು, ಸಮಾನ ಜೊತೆಗಾರನನ್ನು ಕರೆಯುವಂತೆ.

ಭಗವಾನರು ಅಲ್ಲಿ ಸುಮ್ಮನಿರಲಿಲ್ಲ. ಏಳದೆ ಕೂರೋಣ ಅಂದುಕೊಂಡಿದ್ದರ ಬಗ್ಗೆ ಒಂದು ಮಾತೂ ಇಲ್ಲ. ನಮಸ್ಕಾರ ಕೇಳಲಿಲ್ಲ, ಯಾಕೆ ಬಿಟ್ಟು ಹೋದಿರಿ ಎಂದೂ ಕೇಳಲಿಲ್ಲ. ಕರೆಯುವ ರೀತಿಯನ್ನು ಮಾತ್ರ ಹಾಗಲ್ಲ ಎಂದು ಮೊದಲೇ ತಿದ್ದಿದರು. ಯಾಕೆಂದರೆ ಹಳೆಯ ಹೆಸರಿನಿಂದ ಕರೆಯುವವರೆಗೆ ಅವರಿಗೆ ಕಾಣುವುದು ಹಳೆಯ ಮನುಷ್ಯನೇ, ಎದುರಿಗೆ ನಿಂತವರಲ್ಲ. ಐವರೂ ಒಪ್ಪದೆ ಮೂರು ಸಲ ವಾದ ಮಾಡಿದರು. ಕೊನೆಗೆ ಭಗವಾನರು ಒಂದೇ ಪ್ರಶ್ನೆ ಕೇಳಿದರು: ಹಿಂದೆ ಎಂದಾದರೂ ನಾನು ನಿಮ್ಮ ಬಳಿ ಹೀಗೆ ಮಾತಾಡಿದ್ದೆನೆ? ಇಲ್ಲ ಅಂದರು. ಅಲ್ಲಿಂದ ಕೇಳಲು ಕೂತರು.

ಇದನ್ನು ಓದಿದ ಮೇಲೆ ಗ್ರೂಪಿನಲ್ಲಿ ನಾನು ಬರೆದದ್ದು ಇಷ್ಟು: "ನನ್ನ ಹೆಸರು ನಿನಗೆ ಗೊತ್ತು. ಇನ್ನು ಮುಂದೆ ಆ ಹೆಸರಲ್ಲೇ ಕರಿ." ವಿವರಣೆ ಕೊಡಲಿಲ್ಲ, ನಗುವ ಎಮೋಜಿ ಹಾಕಲಿಲ್ಲ. ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ರಾತ್ರಿ ಅವನೇ ಫೋನ್ ಮಾಡಿದ. "ತಮಾಸೆಗೆ ಅಂದೆ ಕನಯ್ಯ" ಅಂದ. ಇರಬಹುದು. ಈಗ ಹೆಸರು ಹಿಡಿದು ಕರೆಯುತ್ತಾನೆ.

ಆ ಒಂದೇ ಡಬ್ಬಿಯ ಪೋಸ್ಟಿನ ವಿಷಯ ಇಷ್ಟು ಸುಲಭವಲ್ಲ. ಮೈತ್ರಿ ಎಂದರೆ ಹಳೆಯದನ್ನು ಮರೆಯುವುದು ಎಂದು ನಮ್ಮಲ್ಲಿ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಬಾಬಾಸಾಹೇಬರು ಸಾತಾರದ ಶಾಲೆಯಲ್ಲಿ ತಾವು ಕೂರುತ್ತಿದ್ದ ಗೋಣಿತಟ್ಟಿನ ಬಗ್ಗೆ ದಶಕಗಳ ನಂತರ ಬರೆದರು. ಸಂಜೆ ಅದನ್ನು ಮನೆಗೆ ಒಯ್ದು ಮರುದಿನ ತಾವೇ ತರಬೇಕಿತ್ತು, ಜವಾನ ನಲ್ಲಿ ತಿರುಗಿಸದಿದ್ದರೆ ನೀರಿಲ್ಲ ಎಂಬುದನ್ನೂ ಬಿಡದೆ ಬರೆದರು. ಅಷ್ಟು ಹೊತ್ತಿಗೆ ಅವರು ಎರಡು ದೇಶಗಳಲ್ಲಿ ಓದಿ ಡಾಕ್ಟರೇಟ್ ಪಡೆದಿದ್ದರು. ಆದರೂ ಆ ಗೋಣಿತಟ್ಟನ್ನು ಬಿಟ್ಟುಕೊಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದು ಸಮ್ಯಕ್ ವಾಚೆಗೆ ಸೇರಿದ್ದು. ದ್ವೇಷವಿಲ್ಲದೆ ಹೇಳಲು ಆಗುತ್ತದೋ ಇಲ್ಲವೋ ಎಂಬುದು ನಮ್ಮ ಅಭ್ಯಾಸಕ್ಕೆ ಬಿಟ್ಟದ್ದು.

ಏಳು ಜನರಲ್ಲಿ ಒಬ್ಬಳಾದ ನನ್ನ ಸಹಪಾಠಿ, ನಮ್ಮ ಕೇರಿಯ ತಂಗಿ, ಹೋಗುವುದಿಲ್ಲ. "ನಾ ಬರಲ್ಲ ಕನಣ್ಣ. ಅವ್ರೆಲ್ಲ ಆಗ ಎಷ್ಟು ಚೆಂದಾಗಿತ್ತು ಅಂತ ನಗ್ತರ. ನಾನೂ ಕೂತ್ಕಂಡು ತಲೆ ಆಡಿಸ್ಬೇಕಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಬಾ ಎಂದು ಒತ್ತಾಯ ಮಾಡಲೂ ಇಲ್ಲ. ಹುಡುಗರಾದ ನಾವು ಕೇಳಿದ್ದಕ್ಕಿಂತ ಹೆಚ್ಚಿನದನ್ನು ಅವಳು ಕೇಳಿಸಿಕೊಂಡಿದ್ದಾಳೆ. ಹೋಗದೆ ಇರುವುದೂ ಚೆನ್ನಾಗಿ ಯೋಚಿಸಿ ತೆಗೆದುಕೊಂಡ ತೀರ್ಮಾನವೇ ಆಗಬಹುದು.

ನಾನು ಹೋಗುವುದು ಒಬ್ಬ ಮೇಷ್ಟ್ರಿಗಾಗಿ. ಗಣಿತ ಹೇಳುತ್ತಿದ್ದವರು. ಒಂಬತ್ತನೇ ತರಗತಿಯಲ್ಲಿ ಒಂದು ದಿನ ನೀರು ತರಲು ನನ್ನನ್ನೇ ಕಳಿಸಿದರು. ಸ್ಟಾಫ್ ರೂಮಿನ ಹೂಜಿಯಿಂದ ಲೋಟಕ್ಕೆ ಬಗ್ಗಿಸಿ ತಂದುಕೊಟ್ಟೆ. ಎಲ್ಲರ ಎದುರಿಗೆ ಕುಡಿದು, ಲೋಟ ವಾಪಸ್ ಕೊಟ್ಟು, ಪ್ರಮೇಯ ಮುಂದುವರಿಸಿದರು. ಆ ಬಗ್ಗೆ ಒಂದು ಮಾತೂ ಆಡಲಿಲ್ಲ. ಸಿಗಾಲೋವಾದ ಸುತ್ತದಲ್ಲಿ ಗುರುಗಳು ದಕ್ಷಿಣ ದಿಕ್ಕು. ಶಿಷ್ಯ ಗುರುವಿಗೆ ಮಾಡಬೇಕಾದ ಐದು ಕೆಲಸ ಹೇಳಿದ ಮೇಲೆ ಗುರು ಶಿಷ್ಯನಿಗೆ ಮಾಡಬೇಕಾದ ಐದನ್ನೂ ಅಲ್ಲಿ ಹೇಳಿದೆ. ಗೆಳೆಯರ ನಡುವೆ ಶಿಷ್ಯನನ್ನು ಮೆಚ್ಚಿ ಮಾತಾಡುವುದು, ಎಲ್ಲ ದಿಕ್ಕಿನಲ್ಲೂ ಅವನಿಗೆ ರಕ್ಷಣೆ ಒದಗಿಸುವುದು ಆ ಐದರಲ್ಲಿ ಸೇರಿವೆ. ಇವರು ಒಂದು ಲೋಟ ನೀರಿನಲ್ಲಿ ಎರಡನ್ನೂ ಮಾಡಿದರು. ಮನೆಗೇ ಹೋಗಿ ನೋಡಿ ಬರಬಹುದಲ್ಲ ಅಂತ ಹೆಂಡತಿ ಕೇಳಿದಳು. ಹೋಗಬಹುದು. ಆದರೆ ಅವರು ಆ ನೀರನ್ನು ಕುಡಿದದ್ದು ತರಗತಿಯ ಎದುರಿಗೆ. ಅದೇ ತರಗತಿಯ ಎದುರಿಗೆ ಹೇಳಬೇಕೆಂದು ನನಗೆ ಆಸೆ. ಅವರಿಗೀಗ ಎಂಬತ್ತರ ಹತ್ತಿರ. ಉದ್ದಕರ ವಿಷಯದಲ್ಲಿ ಒಂದು ರಾತ್ರಿಯ ಅಂತರ ಆಗಿದ್ದು ನೆನಪಿದೆ.

ನಮ್ಮನ್ನು ಎದ್ದು ನಿಲ್ಲಿಸುತ್ತಿದ್ದ ಮೇಷ್ಟ್ರೂ ಅದೇ ವೇದಿಕೆ ಮೇಲೆ ಇರುತ್ತಾರೆ. ಸಾಲಾಗಿ ಎಲ್ಲರ ಪಾದಪೂಜೆ ಎಂದು ಕಾರ್ಯಕ್ರಮ ಪಟ್ಟಿಯಲ್ಲಿದೆ. ಅದಕ್ಕೆ ಮೊದಲು ಸರಸ್ವತಿ ಪೂಜೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮೂರನೆಯದು ದೇವದೇವತೆಗಳ ಪೂಜೆ ಮಾಡುವುದಿಲ್ಲ ಎಂಬುದು, ಹತ್ತನೆಯದು ಸಮಾನತೆಗಾಗಿ ದುಡಿಯುವುದು. ಮೂರನೆಯದನ್ನು ಹಿಡಿದು ಮನೆಯಲ್ಲೇ ಕೂತರೆ ಹತ್ತನೆಯದಕ್ಕೆ ಆ ಮಂಟಪದಲ್ಲಿ ಯಾರೂ ಇರುವುದಿಲ್ಲ. ವ್ಯವಸ್ಥಾಪಕರಿಗೆ ಮೊದಲೇ ತಿಳಿಸಿದ್ದೇನೆ: ಪೂಜೆ ಮುಗಿದ ಮೇಲೆ ಒಳಗೆ ಬರುತ್ತೇನೆ, ಪಾದಪೂಜೆಗೆ ಕೂರುವುದಿಲ್ಲ, ಎಲ್ಲ ಮೇಷ್ಟ್ರಿಗೂ ಎದ್ದು ಕೈ ಮುಗಿಯುತ್ತೇನೆ, ಗಣಿತದ ಮೇಷ್ಟ್ರ ಬಗ್ಗೆ ಮಾತಾಡಲು ಐದು ನಿಮಿಷ ಬೇಕು. "ಆಯ್ತು ಬಿಡು, ಕೊಡಾವ" ಅಂದಿದ್ದಾರೆ. ಆ ನೀರಿನ ಕಥೆ ಹೇಳಬೇಕಾದರೆ ಅದಕ್ಕೆ ಮೊದಲು ನಮಗೆ ನೀರು ಹೇಗೆ ಸಿಗುತ್ತಿತ್ತು ಎಂಬುದನ್ನೂ ಹೇಳಬೇಕಾಗುತ್ತದೆ. ಹೇಳುತ್ತೇನೆ.

ಊಟದ ಬಗ್ಗೆ ಒಂದು ಮಾತು. ಇಸಿಪತನದಲ್ಲಿ ಭಗವಾನರು ಇಬ್ಬರಿಗೆ ಉಪದೇಶ ಮಾಡುವಾಗ ಉಳಿದ ಮೂವರು ಭಿಕ್ಷೆಗೆ ಹೋಗಿ ತರುತ್ತಿದ್ದರು. ಆ ಮೂವರು ತಂದದ್ದನ್ನು ಆರು ಜನ ಉಣ್ಣುತ್ತಿದ್ದರು ಎಂದು ಸುತ್ತದಲ್ಲಿದೆ. ಇವನು ಅನ್ನ ಉಂಡ ಎಂದು ಬಿಟ್ಟುಹೋದವರು ಅವರೇ.

ಬರುವ ಭಾನುವಾರ ನಾನು ಅಧ್ಯಯನಕ್ಕೆ ಇರುವುದಿಲ್ಲ. ಧಮ್ಮಚಕ್ಕಪ್ಪವತ್ತನ ಸುತ್ತದ ಓದನ್ನು ನಿಲ್ಲಿಸದೆ ನಡೆಸಿ. ಕರೆ ಬಂದಿರುವ ಉಳಿದ ಮೂವರು ತಮ್ಮ ತೀರ್ಮಾನವನ್ನು ಅಲ್ಲಿ ಹಂಚಿಕೊಂಡರೆ ಚೆನ್ನ.

ಭವತು ಸಬ್ಬ ಮಂಗಲಂ. ಜೈಭೀಮ್.