ಕಾಣದ ಮಲೇರಿಯಾವನ್ನು ಕಾಣುವ ಬಗೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು ಇಂದು ಹಾವೇರಿ ಜಿಲ್ಲೆಗೆ ಸೇರಿವೆ. 1946ರ ಸುಮಾರಿಗೆ ಸವಣೂರು ಪ್ರತ್ಯೇಕ ಸಂಸ್ಥಾನವಾಗಿತ್ತು. ಉಳಿದುವು ಧಾರವಾಡ ಜಿಲ್ಲೆಯಲ್ಲಿದ್ದುವು. ಆ ಕಾಲದಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಹಳ್ಳಿಗಳಲ್ಲಿ, ಸೊಳ್ಳೆಗಳನ್ನು ಕೊಲ್ಲಲು ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸಲಾಯಿತು. ಚಳಿಜ್ವರ ಬಹುಮಟ್ಟಿಗೆ ಇಳಿಯಿತು.

ಆದರೆ ರೋಗವು ಇಳಿಯುವುದು ಬೇರೆ, ಅಳಿಯುವುದು ಬೇರೆ. ಭಾರತದಲ್ಲಿ 1965ರ ವೇಳೆಗೆ ಸುಮಾರು 1 ಲಕ್ಷಕ್ಕೆ ಇಳಿದಿದ್ದ ರೋಗಿಗಳ ಸಂಖ್ಯೆ 1976ರಲ್ಲಿ 64 ಲಕ್ಷವನ್ನು ಮೀರಿತು. ಸೊಳ್ಳೆಗಳು ಡಿ.ಡಿ.ಟಿ.ಗೆ ಜಗ್ಗದಾದುದೇ ಮೊದಲಾಗಿ ಇದಕ್ಕೆ ಕಾರಣಗಳು ಹಲವು. ಜನರ ರಕ್ತದಲ್ಲಿ ಉಳಿದುಹೋದ ರೋಗಾಣುವೇ ಹೊಸ ಹಬ್ಬುವಿಕೆಗೆ ಬೀಜವಾಯಿತು.

ಈ ಬೀಜವನ್ನು ಕಂಡುಹಿಡಿಯುವುದು ಹೇಗೆ? ಸೂಕ್ಷ್ಮದರ್ಶಕದ ಮಿತಿಯನ್ನು ಲೆಕ್ಕಹಾಕಿ ನೋಡೋಣ. ವಯಸ್ಕನ ದೇಹದಲ್ಲಿ ಸುಮಾರು 5 ಲೀಟರು, ಅಂದರೆ 50 ಲಕ್ಷ ಘನಮಿಲಿಮೀಟರು ರಕ್ತವಿರುತ್ತದೆ. ಸಾಮಾನ್ಯ ಪರೀಕ್ಷೆಯಲ್ಲಿ ರೋಗಾಣು ಕಣ್ಣಿಗೆ ಬೀಳಬೇಕಾದರೆ ಘನಮಿಲಿಮೀಟರಿಗೆ ಸುಮಾರು 50 ರೋಗಾಣುಗಳಿರಬೇಕು. ಎಂದರೆ ದೇಹದಲ್ಲಿ 25 ಕೋಟಿ! ಅದಕ್ಕಿಂತ ಕಡಿಮೆಯಿದ್ದಾಗ ಗಾಜಿನ ಮೇಲಿನ ರಕ್ತಲೇಪವು ನಿರ್ದೋಷವಾಗಿಯೇ ತೋರಬಹುದು. ಇಂಥವರಲ್ಲಿ ಎಷ್ಟೋ ಮಂದಿಗೆ ಜ್ವರವೇ ಇರುವುದಿಲ್ಲ. ಆದರೂ ಅವರಿಂದ ಸೊಳ್ಳೆಗೆ ಸೋಂಕು ತಗಲುವುದುಂಟು.

1983ರಲ್ಲಿ ಕೇರಿ ಮುಲ್ಲಿಸ್ ರೂಪಿಸಿದ ಪಾಲಿಮರೇಸ್ ಸರಪಳಿ ಕ್ರಿಯೆಯು ಈ ತೊಡಕಿಗೆ ಪರಿಹಾರವಾಯಿತು. ಇದು ರೋಗಾಣುವನ್ನು ಹುಡುಕುವುದಿಲ್ಲ, ಅದರ ಡಿ.ಎನ್.ಎ.ಯ ಒಂದು ತುಣುಕನ್ನು ಹುಡುಕುತ್ತದೆ. ಕಾಯಿಸಿದಾಗ ಡಿ.ಎನ್.ಎ.ಯ ಎರಡು ಎಳೆಗಳು ಬೇರ್ಪಡುತ್ತವೆ. ತಣಿಸಿದಾಗ ಆ ತುಣುಕಿಗೆ ಹೊಂದುವ ಕಿರುಎಳೆಗಳು ಅಂಟಿಕೊಳ್ಳುತ್ತವೆ. ಬಳಿಕ ಕಿಣ್ವವೊಂದು ಪ್ರತಿ ಎಳೆಗೂ ಜೊತೆಯನ್ನು ನೇಯುತ್ತದೆ. ಒಂದು ಎರಡಾಗಿ, ಎರಡು ನಾಲ್ಕಾಗಿ, 30 ಸುತ್ತುಗಳಲ್ಲಿ ಒಂದೇ ತುಣುಕು 100 ಕೋಟಿಯನ್ನು ಮೀರಬಲ್ಲುದು. ಹೆಚ್ಚು ರಕ್ತವನ್ನು ತೆಗೆದು ನಡೆಸುವ ಅತಿಸೂಕ್ಷ್ಮ ಪರೀಕ್ಷೆಗಳು ಒಂದು ಮಿಲಿಲೀಟರಿನಲ್ಲಿ ಸುಮಾರು 20 ರೋಗಾಣುಗಳಿದ್ದರೂ ಗುರುತಿಸುತ್ತವೆ. ಅಂದರೆ 25 ಕೋಟಿಯ ಮಿತಿ 1 ಲಕ್ಷಕ್ಕೆ ಇಳಿಯಿತು.

ಇದಕ್ಕೂ ಮಿತಿಗಳಿವೆ. ಹೊರಗಿನಿಂದ ಬೆರೆತ ಡಿ.ಎನ್.ಎ.ಯೂ ಹಾಗೆಯೇ ಇಮ್ಮಡಿಸುವುದರಿಂದ ಪ್ರಯೋಗಶಾಲೆಯ ಶುಚಿತ್ವವು ಅತ್ಯಗತ್ಯ. ವೈವಾಕ್ಸ್ ರೋಗಾಣುವು ಯಕೃತ್ತಿನಲ್ಲಿ ಮಾತ್ರ ನಿದ್ರಿಸುತ್ತಿದ್ದರೆ ರಕ್ತಪರೀಕ್ಷೆಗೆ ಅದು ಸಿಕ್ಕುವುದಿಲ್ಲ. ಜ್ವರದಿಂದ ಬಂದವನಿಗೆ ಕೂಡಲೇ ಚಿಕಿತ್ಸೆ ಬೇಕು; ಅಲ್ಲಿ ಸೂಕ್ಷ್ಮದರ್ಶಕವೂ ಶೀಘ್ರಪರೀಕ್ಷೆಯ ಪಟ್ಟಿಯೂ ಇಂದಿಗೂ ಆಧಾರ. ಆದರೆ ಒಂದು ಸೀಮೆಯಲ್ಲಿ ಸೋಂಕು ನಿಜವಾಗಿ ಅಳಿಯಿತೇ ಎಂದು ಸಮೀಕ್ಷೆ ನಡೆಸುವಾಗ ಈ ಸೂಕ್ಷ್ಮ ಪರೀಕ್ಷೆಯೇ ಬೇಕು. ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದು ತಿಳಿಯಲಾಗದು.